ಅರ್ಧ ದಿನದ ಮಂಗಳೂರು: ನೋಡುವುದೇನು, ತೋರಿಸುವವರಾರು?

ಚಿತ್ತಾಪುರ ತಾಲ್ಲೂಕಿನ ಗುಂಡಗುರ್ತಿಯಿಂದಲೋ, ಸೇಡಂ, ವಾಡಿ, ಶಹಾಬಾದ್, ಚಿಂಚೋಳಿಗಳಿಂದಲೋ ಕರಾವಳಿಗೆ ಹೊರಡುವ ಕುಟುಂಬಗಳ ಪ್ರವಾಸಕ್ಕೆ ಒಂದು ರೂಢಿಯ ಕ್ರಮವಿದೆ. ಧರ್ಮಸ್ಥಳ, ಕುಕ್ಕೆ ಸುಬ್ರಹ್ಮಣ್ಯ, ಕಟೀಲು, ಉಡುಪಿಗಳ ದರ್ಶನವೇ ಯಾತ್ರೆಯ ಮುಖ್ಯ ಉದ್ದೇಶ. ಕೆಲವರಿಗೆ ಮಕ್ಕಳ ಕಾಲೇಜು ಪ್ರವೇಶದ ಕೆಲಸ, ಮತ್ತೆ ಕೆಲವರಿಗೆ ಹಿರಿಯರ ಆಸ್ಪತ್ರೆಯ ತಪಾಸಣೆ. ಇವೆಲ್ಲ ಮುಗಿದ ಮೇಲೆ, ಊರಿಗೆ ಮರಳುವ ರಾತ್ರಿಯ ಬಸ್ಸು ಹೊರಡುವವರೆಗೆ, ಮಂಗಳೂರಿನಲ್ಲಿ ಅರ್ಧ ದಿನ ಉಳಿಯುತ್ತದೆ. ಆ ಅರ್ಧ ದಿನಕ್ಕೆ ಒಂದು ಕಾರನ್ನು ಬಾಡಿಗೆಗೆ ಗೊತ್ತುಮಾಡಿಕೊಂಡು, ನಾಲ್ಕಾರು ಸ್ಥಳಗಳನ್ನು ನೋಡಿ, ಕಡಲ ತೀರದಲ್ಲಿ ಸೂರ್ಯಾಸ್ತಮಾನಕ್ಕೆ ನಿಂತು, ಐಸ್‌ಕ್ರೀಂ ತಿಂದು ಬಸ್ಸೇರುವುದು ಮಧ್ಯಮ ವರ್ಗದ ಕುಟುಂಬಗಳಿಗೆ ಪರಿಚಿತ ಅನುಭವ. ಬಯಲುಸೀಮೆಯ ಬಹುಪಾಲು ಜನರ ಪಾಲಿಗೆ ಮಂಗಳೂರು ಎಂದರೆ ಆ ನಾಲ್ಕೈದು ಗಂಟೆಗಳೇ.

ಇದೇ ನಗರಕ್ಕೆ ಇನ್ನೊಂದು ದಿಕ್ಕಿನಿಂದಲೂ ಅರ್ಧ ದಿನದ ಅತಿಥಿಗಳು ಬರುತ್ತಾರೆ. ಮಳೆಗಾಲ ಕಳೆದ ಮೇಲೆ ಬೇಸಿಗೆಯವರೆಗೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗುಗಳು ಬಂದು ತಂಗುತ್ತವೆ. ಕೋವಿಡ್‌ನಿಂದ ನಿಂತುಹೋಗಿದ್ದ ಈ ಸಂಚಾರ 2022ರ ಕೊನೆಯಲ್ಲಿ ಪುನರಾರಂಭವಾಯಿತು. ಬೆಳಿಗ್ಗೆ ಇಳಿದು ಸಂಜೆಗೆ ಹಡಗು ಸೇರಬೇಕಾದ ಆ ಪ್ರಯಾಣಿಕರಿಗಾಗಿ ಬಸ್ಸುಗಳು, ಟ್ಯಾಕ್ಸಿಗಳು, ಇಂಗ್ಲಿಷ್ ಬಲ್ಲ ಮಾರ್ಗದರ್ಶಿಗಳು ಸಜ್ಜಾಗಿರುತ್ತಾರೆ. ಚೆಂಡೆ ವಾದನ, ಯಕ್ಷಗಾನ ವೇಷಗಳ ಸ್ವಾಗತವೂ ದೊರೆಯುತ್ತದೆ. ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಗೋಡಂಬಿ ಕಾರ್ಖಾನೆ, ಸಮಯವಿದ್ದರೆ ಮೂಡುಬಿದಿರೆ ಅಥವಾ ಕಾರ್ಕಳ, ಇದು ಅವರ ಸಾಮಾನ್ಯ ಪಟ್ಟಿ.

ಹೀಗೆ ಕಾಗಿಣಾ ತೀರದ ರೈತ ಕುಟುಂಬಕ್ಕೂ ಯೂರೋಪಿನ ನಿವೃತ್ತ ದಂಪತಿಗೂ ಈ ನಗರ ನೀಡುವ ಕಾಲಾವಕಾಶ ಒಂದೇ ಆಗಿದೆ. ದೊರೆಯುವ ವಿವರಣೆ ಮಾತ್ರ ಒಂದೇ ಆಗಿಲ್ಲ. ಕನ್ನಡ ನಾಡಿನ ಪ್ರಮುಖ ಕರಾವಳಿ ನಗರಕ್ಕೆ ಕನ್ನಡ ನಾಡಿನ ಇನ್ನೊಂದು ತುದಿಯಿಂದ ಬರುವವರಿಗೆ ಆ ನಗರವನ್ನು ಕನ್ನಡದಲ್ಲಿ, ತಾಳ್ಮೆಯಿಂದ, ತಿಳಿವಳಿಕೆಯಿಂದ ಪರಿಚಯಿಸುವವರು ಸಿಗುವುದು ಅಪರೂಪ. ಅರ್ಧ ದಿನದ ಖಾಸಗಿ ನಗರ ದರ್ಶನವೆಂಬ ಈ ಸಾಮಾನ್ಯ ವಿಷಯವನ್ನು ಗಂಭೀರವಾಗಿ ಚರ್ಚಿಸಬೇಕಾಗಿರುವುದು ಈ ಕಾರಣಕ್ಕೆ.

ನಾಲ್ಕು ಗಂಟೆಯ ಲೆಕ್ಕಾಚಾರ

ಖಾಸಗಿ ಬಾಡಿಗೆ ಕಾರಿನ ವ್ಯವಹಾರ ನಡೆಯುವುದು ಗಂಟೆ ಮತ್ತು ಕಿಲೋಮೀಟರುಗಳ ಲೆಕ್ಕದಲ್ಲಿ. ನಾಲ್ಕು ಗಂಟೆಗೆ 40 ಕಿಲೋಮೀಟರ್, ಎಂಟು ಗಂಟೆಗೆ 80 ಕಿಲೋಮೀಟರ್ ಎಂಬುದು ನಮ್ಮ ನಗರಗಳಲ್ಲೆಲ್ಲ ಬಳಕೆಯಲ್ಲಿರುವ ಪದ್ಧತಿ. ಇದನ್ನು ಮೀರಿದರೆ ಪ್ರತಿ ಗಂಟೆಗೆ, ಪ್ರತಿ ಕಿಲೋಮೀಟರಿಗೆ ಹೆಚ್ಚುವರಿ ದರ ಬೀಳುತ್ತದೆ. ಅನೇಕ ಸಂಸ್ಥೆಗಳು ಕಾರು ಪ್ರಯಾಣಿಕರನ್ನು ಹತ್ತಿಸಿಕೊಂಡಲ್ಲಿಂದ ಲೆಕ್ಕ ಹಾಕುವುದಿಲ್ಲ. ಗ್ಯಾರೇಜಿನಿಂದ ಹೊರಟು ಗ್ಯಾರೇಜಿಗೆ ಮರಳುವವರೆಗಿನ ದೂರವನ್ನೂ ವೇಳೆಯನ್ನೂ ಅವು ಎಣಿಸುತ್ತವೆ. ಚಾಲಕರ ಭತ್ಯೆ, ಪಾರ್ಕಿಂಗ್, ಟೋಲ್ ಇವು ಪ್ರತ್ಯೇಕ. ಮೊದಲೇ ಕೇಳಿ ತಿಳಿದುಕೊಳ್ಳದವರು ಕೊನೆಯಲ್ಲಿ ಬಸ್ ನಿಲ್ದಾಣದ ಮುಂದೆ ನಿಂತು ವಾಗ್ವಾದಕ್ಕಿಳಿಯುವುದು ಸಾಮಾನ್ಯ ದೃಶ್ಯ.

ಈ 40 ಕಿಲೋಮೀಟರುಗಳ ಮಿತಿಯೇ ಪ್ರವಾಸದ ನಕ್ಷೆಯನ್ನೂ ನಿರ್ಧರಿಸುತ್ತದೆ. ಸಾವಿರ ಕಂಬದ ಬಸದಿಯ ಮೂಡುಬಿದಿರೆ ಮಂಗಳೂರಿನಿಂದ ಸುಮಾರು 35 ಕಿಲೋಮೀಟರ್, ಗೊಮ್ಮಟನ ಕಾರ್ಕಳ ಸುಮಾರು 50 ಕಿಲೋಮೀಟರ್. ಹೋಗಿ ಬರುವ ದೂರವನ್ನು ಕೂಡಿಸಿದರೆ ಇವೆರಡೂ ಅರ್ಧ ದಿನದ ಲೆಕ್ಕದಿಂದ ಹೊರಗೇ ಉಳಿಯುತ್ತವೆ. ಪಿಲಿಕುಳದ ನಿಸರ್ಗಧಾಮ ಸಮೀಪದಲ್ಲಿದ್ದರೂ, ಮೃಗಾಲಯವೊಂದನ್ನು ಮಕ್ಕಳೊಂದಿಗೆ ಸುತ್ತುವಷ್ಟರಲ್ಲಿ ಅರ್ಧ ದಿನವೆಲ್ಲ ಮುಗಿದಿರುತ್ತದೆ. ಆದ್ದರಿಂದ ಅರ್ಧ ದಿನದ ದರ್ಶನ ಅನಿವಾರ್ಯವಾಗಿ ನಗರದೊಳಗಿನ ದರ್ಶನ.

ನಗರದೊಳಗೂ ಗಡಿಯಾರದ ನಿರ್ಬಂಧಗಳಿವೆ. ಹೆಚ್ಚಿನ ದೇವಾಲಯಗಳು ಮಧ್ಯಾಹ್ನ ಬಾಗಿಲು ಮುಚ್ಚಿ ಸಂಜೆಯ ಹೊತ್ತಿಗೆ ತೆರೆಯುತ್ತವೆ. ಸರ್ಕಾರಿ ವಸ್ತು ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಭಾನುವಾರ ಪ್ರಾರ್ಥನೆಯ ವೇಳೆಯಲ್ಲಿ ಚರ್ಚ್ ನೋಡಲು ಹೋಗುವುದು ಸರಿಯಲ್ಲ. ಶುಕ್ರವಾರ ಮಧ್ಯಾಹ್ನ ಮಸೀದಿಯ ವಿಷಯದಲ್ಲೂ ಹಾಗೆಯೇ. ಮೀನುಗಾರಿಕೆಯ ಧಕ್ಕೆಯನ್ನು ಅದರ ಸಹಜ ಗದ್ದಲದಲ್ಲಿ ಕಾಣಬೇಕಾದರೆ ಬೆಳಗಿನ ಜಾವವೇ ಆಗಬೇಕು. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಧಕ್ಕೆಯೂ ಮೌನವಾಗಿರುತ್ತದೆ. ಒಂದು ಗಂಟೆಗೆ ಊಟ ಮುಗಿಸಿ ಹೊರಟ ಕುಟುಂಬ ಎರಡು ಮುಚ್ಚಿದ ಬಾಗಿಲುಗಳನ್ನು ಕಂಡು, ಉಳಿದ ಸಮಯವನ್ನು ಮಾಲ್ ಒಂದರಲ್ಲಿ ಕಳೆದು, ನೇರವಾಗಿ ಸಮುದ್ರಕ್ಕೆ ಹೋಗಿಬಿಡುವುದಕ್ಕೆ ಕಾರಣ ಯಾರ ದುರುದ್ದೇಶವೂ ಅಲ್ಲ. ವೇಳಾಪಟ್ಟಿಯನ್ನು ಮೊದಲೇ ತಿಳಿಸುವವರು ಇಲ್ಲದಿರುವುದೇ ಕಾರಣ.

ಮುಖ್ಯ ಕೊರತೆ ಇರುವುದು ಇನ್ನೊಂದೆಡೆ. ಈಗಿನ ಪದ್ಧತಿಯಲ್ಲಿ ನಗರ ದರ್ಶನವೆಂದರೆ 'ಪಾಯಿಂಟ್'ಗಳ ಎಣಿಕೆ. ಎಂಟು ಪಾಯಿಂಟ್ ತೋರಿಸುವವರು ಆರು ಪಾಯಿಂಟ್ ತೋರಿಸುವವರಿಗಿಂತ ಉತ್ತಮರೆಂದು ಪ್ರವಾಸಿಗರೇ ಭಾವಿಸುತ್ತಾರೆ. ನಾಲ್ಕು ಗಂಟೆ ಎಂದರೆ 240 ನಿಮಿಷ. ಎಂಟು ಸ್ಥಳಗಳ ನಡುವಿನ ಸಂಚಾರಕ್ಕೆ ಮಂಗಳೂರಿನ ಏರಿಳಿತದ ರಸ್ತೆಗಳಲ್ಲಿ, ವಾಹನ ದಟ್ಟಣೆಯಲ್ಲಿ, ಅರ್ಧದಷ್ಟು ಸಮಯ ಕಳೆಯುತ್ತದೆ. ಉಳಿದದ್ದನ್ನು ಎಂಟರಿಂದ ಭಾಗಿಸಿದರೆ ಒಂದೊಂದು ಸ್ಥಳಕ್ಕೆ ಸಿಗುವುದು 15 ನಿಮಿಷ. ಅದರಲ್ಲಿ ಚಪ್ಪಲಿ ಬಿಡುವುದು, ಫೋಟೊ ತೆಗೆಯುವುದು, ಹಿರಿಯರನ್ನು ಕಾರಿನಿಂದ ಇಳಿಸಿ ಹತ್ತಿಸುವುದು ಎಲ್ಲವೂ ಸೇರಿದೆ. ಕರಾವಳಿಯ ಪ್ರಸಿದ್ಧ ಐಸ್‌ಕ್ರೀಮಿಗೆ 'ಗಡ್‌ಬಡ್' ಎಂದು ಹೆಸರು. ಕಲಬುರಗಿಯ ಕಡೆಯ ಮಾತಿನಲ್ಲಿ ಗಡಬಡ ಎಂದರೆ ಆತುರ. ಆ ಐಸ್‌ಕ್ರೀಂ ತಿನ್ನುವ ಮೊದಲೇ ನಮ್ಮವರ ಇಡೀ ಪ್ರವಾಸ ಗಡಬಡದಲ್ಲಿ ಮುಗಿದಿರುತ್ತದೆ.

ಕದ್ರಿಯಿಂದ ಮಾನ್ಯಖೇಟಕ್ಕೆ

ಹಾಗಾದರೆ ಅರ್ಧ ದಿನದಲ್ಲಿ ನಗರವೊಂದನ್ನು ಅರಿಯುವುದು ಅಸಾಧ್ಯವೆ? ಪೂರ್ತಿ ಅರಿಯುವುದಕ್ಕೆ ಒಂದು ಜೀವಮಾನವೂ ಸಾಲದು ಎಂಬುದು ನಿಜ. ಆದರೆ ನೋಡುವವರ ಸ್ವಂತ ಊರಿಗೂ ಆ ನಗರಕ್ಕೂ ಇರುವ ಯಾವುದಾದರೂ ಒಂದು ಸಂಬಂಧದ ಎಳೆಯನ್ನು ಹಿಡಿದು ಹೊರಟರೆ ಮೂರೇ ಸ್ಥಳಗಳಲ್ಲಿ ಬಹಳಷ್ಟನ್ನು ಗ್ರಹಿಸಬಹುದು. ಗುಂಡಗುರ್ತಿಯ ಕಡೆಯ ಪ್ರವಾಸಿಗರನ್ನೇ ಉದಾಹರಣೆಯಾಗಿ ಇಟ್ಟುಕೊಂಡು ನೋಡೋಣ.

ಕದ್ರಿಯ ಮಂಜುನಾಥ ದೇವಾಲಯದಲ್ಲಿ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಪೀಠದ ಶಾಸನದ ಪ್ರಕಾರ ಆಳುಪ ಅರಸ ಕುಂದವರ್ಮ ಅದನ್ನು ಪ್ರತಿಷ್ಠಾಪಿಸಿದ್ದು ಕ್ರಿ.ಶ. 968ರಲ್ಲಿ. ವಿದ್ವಾಂಸರಲ್ಲಿ ಹಲವರು ಈ ವಿಗ್ರಹವನ್ನು ಬೌದ್ಧ ಪರಂಪರೆಗೆ ಸೇರಿದ್ದೆಂದು ಗುರುತಿಸಿದ್ದಾರೆ. ಬೆಟ್ಟದ ಮೇಲಿರುವ ಜೋಗಿ ಮಠ ನಾಥಪಂಥದ್ದು. ಹನ್ನೆರಡು ವರ್ಷಗಳಿಗೊಮ್ಮೆ ನಾಸಿಕದ ಬಳಿಯ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳು ಕಾಲ್ನಡಿಗೆಯಲ್ಲಿ ಅಲ್ಲಿಗೆ ಬಂದು ಮಠಾಧಿಪತಿಯ ಪಟ್ಟಾಭಿಷೇಕ ನಡೆಸುತ್ತಾರೆ. ಶೈವ, ಬೌದ್ಧ, ನಾಥ ಎಂಬ ಮೂರು ಪರಂಪರೆಗಳು ಒಂದೇ ಆವರಣದಲ್ಲಿ ಬೆಸೆದುಕೊಂಡಿರುವ ಈ ಸ್ಥಳದಲ್ಲಿ ನಮ್ಮ ಪ್ರವಾಸಿಗರು ಸಾಮಾನ್ಯವಾಗಿ ಮಂಗಳಾರತಿ ಪಡೆದು ಹೊರಡುತ್ತಾರೆ.

ಆ 968ನೇ ಇಸವಿಯಲ್ಲಿ ಗುಂಡಗುರ್ತಿಯಿಂದ ಬಹು ದೂರವಲ್ಲದ ಮಳಖೇಡ, ಅಂದಿನ ಮಾನ್ಯಖೇಟ, ಇನ್ನೂ ರಾಷ್ಟ್ರಕೂಟರ ರಾಜಧಾನಿಯಾಗಿತ್ತು. ನಾಲ್ಕೇ ವರ್ಷಗಳ ನಂತರ, 972ರಲ್ಲಿ, ಪರಮಾರರ ಸೀಯಕ ಆ ನಗರವನ್ನು ಲೂಟಿ ಮಾಡಿದ. ಕರಾವಳಿಯಲ್ಲಿ ಒಬ್ಬ ಅರಸ ಕಂಚಿನಲ್ಲಿ ದೇವರನ್ನು ಎರಕ ಹೊಯ್ಯಿಸುತ್ತಿದ್ದಾಗ ಕಾಗಿಣಾ ತೀರದಲ್ಲಿ ಒಂದು ಸಾಮ್ರಾಜ್ಯ ತನ್ನ ಕೊನೆಯ ದಿನಗಳನ್ನು ಎಣಿಸುತ್ತಿತ್ತು ಎಂಬ ಸಂಗತಿಯನ್ನು ಯಾರಾದರೂ ಹೇಳಿದರೆ, ಸೇಡಂನಿಂದ ಬಂದ ಹೈಸ್ಕೂಲು ವಿದ್ಯಾರ್ಥಿ ಆ ವಿಗ್ರಹವನ್ನು ಬೇರೆ ಕಣ್ಣಿನಿಂದ ನೋಡದಿರಲಾರ. ಇದಕ್ಕೆ ಎರಡು ನಿಮಿಷ ಸಾಕು.

ಸಮುದ್ರದ ಎಳೆಯೂ ಹೀಗೆಯೇ ನಮ್ಮನ್ನು ಮಳಖೇಡಕ್ಕೆ ತಲುಪಿಸುತ್ತದೆ. ಕ್ರಿ.ಶ. 851ರ ವೇಳೆಗೆ ರಚಿತವಾದ, ಅರಬ್ ವರ್ತಕ ಸುಲೈಮಾನನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ವೃತ್ತಾಂತ, ಜಗತ್ತಿನ ನಾಲ್ವರು ಮಹಾನ್ ದೊರೆಗಳ ಸಾಲಿನಲ್ಲಿ ಬಾಗ್ದಾದಿನ ಖಲೀಫ, ಚೀನಾ ಮತ್ತು ರೋಂ ಚಕ್ರವರ್ತಿಗಳೊಂದಿಗೆ 'ಬಲ್ಹರಾ'ನನ್ನು ಸೇರಿಸಿದೆ. ಬಲ್ಹರಾ ಎಂದರೆ ವಲ್ಲಭರಾಜ, ಅಂದರೆ ರಾಷ್ಟ್ರಕೂಟ ದೊರೆ. ಆಗ ಮಾನ್ಯಖೇಟದ ಸಿಂಹಾಸನದಲ್ಲಿದ್ದವನು ಅಮೋಘವರ್ಷ ನೃಪತುಂಗ. ಅವನ ಆಸ್ಥಾನದಲ್ಲೇ ಶ್ರೀವಿಜಯನ 'ಕವಿರಾಜಮಾರ್ಗ' ರೂಪುಗೊಂಡಿತು. ಹತ್ತನೆಯ ಶತಮಾನದ ಅಲ್ ಮಸೂದಿ ಆ ರಾಜಧಾನಿಯನ್ನು 'ಮಾಂಕೀರ್' ಎಂದು ಹೆಸರಿಸಿದ್ದಾನೆ. ಪಶ್ಚಿಮ ಕರಾವಳಿಗೆ ಬಂದಿಳಿಯುತ್ತಿದ್ದ ನಾವಿಕರ ಮೂಲಕವೇ ನಮ್ಮ ಮಳಖೇಡದ ಕೀರ್ತಿ ಪರ್ಷಿಯಾ ಕೊಲ್ಲಿಯವರೆಗೆ ಹಬ್ಬಿತ್ತು. ಬಯಲುಸೀಮೆಯವರಿಗೆ ಕಡಲು ಪರಕೀಯ ಎಂಬ ಭಾವನೆಗೆ ಚರಿತ್ರೆಯಲ್ಲಿ ಆಧಾರವಿಲ್ಲ.

ಮಂಗಳೂರಿನ ಹಳೆಯ ಬಂದರು ಪ್ರದೇಶ, ಸ್ಥಳೀಯರು 'ಬಂದರ್' ಎಂದೇ ಕರೆಯುವ ಓಣಿಗಳು, ಈ ಚರಿತ್ರೆಯನ್ನು ಹೇಳಲು ಅತ್ಯಂತ ಸೂಕ್ತ ಸ್ಥಳ. ನೇತ್ರಾವತಿ ಮತ್ತು ಗುರುಪುರ ನದಿಗಳು ಅಳಿವೆಯಲ್ಲಿ ಕೂಡಿ ಸಮುದ್ರ ಸೇರುವ ಈ ತಾಣ ಹಡಗುಗಳಿಗೆ ಸಹಜ ಆಶ್ರಯವಾಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿ ನೆಲೆಸಿ ಏಡನ್ ಮತ್ತು ಈಜಿಪ್ಟಿನೊಂದಿಗೆ ವ್ಯಾಪಾರ ನಡೆಸಿದ. ಅವನ ಪತ್ರಗಳೂ ಲೆಕ್ಕಪತ್ರಗಳೂ ಕೈರೋದ ಹಳೆಯ ಸಿನಗಾಗ್ ಒಂದರ ಉಗ್ರಾಣದಲ್ಲಿ ಉಳಿದುಬಂದವು. ಅವುಗಳಲ್ಲಿ ಕಾಣಿಸುವ ಬೊಮ್ಮ ಎಂಬ ಸೇವಕನ ಜಾಡು ಹಿಡಿದು ಅಮಿತಾವ್ ಘೋಷ್ 1992ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಹದಿನಾಲ್ಕನೆಯ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿ ಪರ್ಷಿಯಾ ಮತ್ತು ಯೆಮೆನ್‌ಗಳ ವರ್ತಕರನ್ನು ಕಂಡ. 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಾಣಲು ಈ ಸೀಮೆಗೆ ಬಂದ. ಇವರಲ್ಲಿ ಯಾರನ್ನೂ ಇಂದಿನ ಅರ್ಧ ದಿನದ ದರ್ಶನ ಪರಿಚಯಿಸುವುದಿಲ್ಲ, ಏಕೆಂದರೆ ಬಂದರಿನ ಓಣಿಗಳಲ್ಲಿ ಕಾರು ನಿಲ್ಲಿಸಲು ಜಾಗವಿಲ್ಲ. ಅಲ್ಲಿ ಅರ್ಧ ಗಂಟೆ ನಡೆಯಬೇಕಾಗುತ್ತದೆ.

ಸೂರು ಮಂಗಳೂರಿನದು, ನೆಲ ಶಹಾಬಾದಿನದು

ಚರಿತ್ರೆಯಲ್ಲಿ ಅಷ್ಟು ಹಿಂದಕ್ಕೆ ಹೋಗಲು ಇಷ್ಟಪಡದವರಿಗೆ ಇನ್ನೂ ಹತ್ತಿರದ ಎಳೆಯೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1865ರಲ್ಲಿ ನೇತ್ರಾವತಿ ತೀರದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿತು. ನದಿ ತಂದು ಹಾಕಿದ ಜೇಡಿಮಣ್ಣು, ಘಟ್ಟದ ಉರುವಲು, ಬಾಗಿಲಲ್ಲೇ ಇದ್ದ ಬಂದರು, ಈ ಮೂರರ ಅನುಕೂಲದಿಂದ ಮಂಗಳೂರು ಹಂಚು ದೇಶ ವಿದೇಶಗಳಿಗೆ ಹೋಯಿತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಅಧಿಕ ಮಳೆ ಬೀಳುವ ನಾಡಿಗೆ ಇಳಿಜಾರು ಸೂರು ಅನಿವಾರ್ಯ. ಅದರ ನಾಲ್ಕನೆಯ ಒಂದು ಭಾಗದಷ್ಟೂ ಮಳೆ ಕಾಣದ ಕಲಬುರಗಿ ಸೀಮೆಯಲ್ಲಿ ಜನ ಮಣ್ಣಿನ ಮಾಳಿಗೆ ಹಾಕಿ ಬದುಕಿದರು. ಆದರೆ ಅವರ ನೆಲದಡಿಯಲ್ಲಿ ಪದರ ಪದರವಾಗಿ ಸುಣ್ಣದ ಕಲ್ಲಿತ್ತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಸುತ್ತಲಿನ ಗಣಿಗಳಿಂದ ಎದ್ದ ಹಾಸುಗಲ್ಲು ಶಹಾಬಾದ್ ಕಲ್ಲೆಂಬ ಹೆಸರಿನಲ್ಲಿ ರೈಲಿನಲ್ಲೂ ಲಾರಿಗಳಲ್ಲೂ ದೇಶದ ಅನೇಕ ಭಾಗಗಳನ್ನು ಸೇರಿತು.

ನಾಡಿನ ಎಷ್ಟೋ ಹಳೆಯ ಶಾಲೆ, ಕಚೇರಿ, ಮನೆಗಳಲ್ಲಿ ಇವೆರಡೂ ಒಂದೇ ಕಟ್ಟಡದಲ್ಲಿ ಸೇರಿರುವುದನ್ನು ನಾವು ಕಂಡಿದ್ದೇವೆ. ಮೇಲೆ ಮಂಗಳೂರು ಹಂಚು, ಕೆಳಗೆ ಶಹಾಬಾದ್ ಕಲ್ಲು. ಎರಡೂ ಉದ್ದಿಮೆಗಳು ಒಂದೇ ಬಗೆಯ ಸಂಕಟವನ್ನೂ ಅನುಭವಿಸಿವೆ. ಕಾಂಕ್ರೀಟಿನ ತಾರಸಿ ಹಂಚನ್ನು ಹಿಂದೆ ಸರಿಸಿದರೆ, ಯಂತ್ರದಲ್ಲಿ ತಯಾರಾದ ನುಣುಪು ಟೈಲ್ಸ್ ಹಾಸುಗಲ್ಲನ್ನು ಹಿಂದೆ ಸರಿಸಿತು. ಗಣಿ ಕಾರ್ಮಿಕರ ಮನೆಯಿಂದ ಬಂದ ಪ್ರವಾಸಿಯನ್ನು ಹಳೆಯ ಹಂಚಿನ ಕಾರ್ಖಾನೆಯ ಹೊಗೆಗೊಳವೆಯ ಮುಂದೆ ಐದು ನಿಮಿಷ ನಿಲ್ಲಿಸಿ ಈ ಕತೆ ಹೇಳಿದರೆ ಅವನಿಗೆ ವಿವರಣೆಯೇ ಬೇಕಾಗುವುದಿಲ್ಲ. ತನ್ನ ಊರಿನ ಕತೆಯನ್ನೇ ಅಲ್ಲಿ ಅವನು ಗುರುತಿಸಿಕೊಳ್ಳುತ್ತಾನೆ.

ಮುದ್ರಣದ ವಿಷಯವೂ ಇಂಥದೇ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಹೊರಬಂದದ್ದು ಇಲ್ಲಿಂದ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಪ್ರಕಟವಾದದ್ದೂ ಇಲ್ಲಿಂದಲೇ. 'ಕವಿರಾಜಮಾರ್ಗ'ದ ನೆಲದಿಂದ ಬಂದವರು ಕನ್ನಡದ ಮೊದಲ ಪತ್ರಿಕೆ ಮತ್ತು ಮಹಾ ನಿಘಂಟಿನ ಊರನ್ನು ನೋಡುತ್ತಿದ್ದಾರೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಯಾವ ಪಾಯಿಂಟ್ ಪಟ್ಟಿಯಲ್ಲೂ ಇದಕ್ಕೆ ಸ್ಥಾನವಿಲ್ಲ.

ಕುದ್ರೋಳಿಯ ಗೋಕರ್ಣನಾಥ ದೇವಾಲಯ ಪಟ್ಟಿಯಲ್ಲಿ ತಪ್ಪದೆ ಇರುತ್ತದೆ. ಅದರ ಗೋಪುರ, ದಸರೆಯ ದೀಪಾಲಂಕಾರ, ಆವರಣದ ಮೂರ್ತಿಗಳು ಎಲ್ಲರ ಕ್ಯಾಮೆರಾಗಳಲ್ಲೂ ಸೆರೆಯಾಗುತ್ತವೆ. ದೇವಾಲಯ ಪ್ರವೇಶದಿಂದ ವಂಚಿತವಾಗಿದ್ದ ಬಿಲ್ಲವ ಸಮುದಾಯಕ್ಕಾಗಿ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಶಿವಲಿಂಗವನ್ನು ಪ್ರತಿಷ್ಠಾಪಿಸಿದರು ಎಂಬುದನ್ನು ಮಾತ್ರ ಕೇಳಿಸಿಕೊಳ್ಳದೆ ಹೋಗುವವರೇ ಹೆಚ್ಚು. ಬಸವಣ್ಣನವರ ಕಲ್ಯಾಣಕ್ಕೆ ಸಮೀಪದ ಸೀಮೆಯಿಂದ ಬಂದವರಿಗೆ ಈ ಪ್ರತಿಷ್ಠಾಪನೆಯ ಅರ್ಥ ತಟ್ಟನೆ ಹೊಳೆಯುವಂಥದು. ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಮತ್ತು ಛಾವಣಿಗಳನ್ನು ಇಟಲಿಯ ಜೆಸ್ವಿಟ್ ಕಲಾವಿದ ಆಂತೋನಿಯೊ ಮೊಸ್ಕೆನಿ 1899ರ ನಂತರದ ಎರಡೇ ವರ್ಷಗಳಲ್ಲಿ ಚಿತ್ರಗಳಿಂದ ತುಂಬಿಸಿದರು. ತಲೆಯೆತ್ತಿ ನೋಡಲು ಅಲ್ಲಿ ಹತ್ತು ನಿಮಿಷ ಕುಳಿತರೆ ಸಾಕು, ಮಾತಿನ ಅಗತ್ಯವಿಲ್ಲ.

ಕರಾವಳಿಯ ಬಗ್ಗೆ ಒಳನಾಡಿನವರು ಪತ್ರಿಕೆಗಳಲ್ಲಿ ಓದುವ ಸುದ್ದಿ ಅನೇಕ ವೇಳೆ ಧರ್ಮ ಧರ್ಮಗಳ ನಡುವಿನ ಘರ್ಷಣೆಯದು. ಆ ಸುದ್ದಿ ಸುಳ್ಳಲ್ಲ. ಆದರೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿ ಭಾಷೆಯಲ್ಲಿ ಮೈಕಾಲ ಎಂದು ಒಂದೇ ಊರನ್ನು ಮೂರು ಹೆಸರುಗಳಿಂದ ಕರೆಯುತ್ತ ಶತಮಾನಗಳಿಂದ ಜೊತೆಯಲ್ಲಿ ಬದುಕಿದ ಜನರ ನಗರವೂ ಇದೇ. ಕದ್ರಿ, ಕುದ್ರೋಳಿ, ಚಾಪೆಲ್, ಬಂದರಿನ ಹಳೆಯ ಜೀನತ್ ಬಕ್ಷ್ ಮಸೀದಿಯ ಪರಿಸರ, ಇಷ್ಟನ್ನು ಒಂದು ಮಧ್ಯಾಹ್ನದಲ್ಲಿ ಕಂಡು ಹೋದ ಕುಟುಂಬ ಈ ನಗರದ ಬಗ್ಗೆ ಮುಂದೆ ಓದುವ ಸುದ್ದಿಯನ್ನು ಹೆಚ್ಚು ವಿವೇಕದಿಂದ ಓದುತ್ತದೆ ಎಂದು ನಿರೀಕ್ಷಿಸಬಹುದು.

ಕಡಲು ಕೊನೆಯ ಪಾಯಿಂಟ್ ಆದಾಗ

ಅರ್ಧ ದಿನದ ದರ್ಶನದಲ್ಲಿ ಕಡಲಿಗೆ ಬರುವುದು ಸಾಮಾನ್ಯವಾಗಿ ಕೊನೆಯಲ್ಲಿ, ಸಂಜೆಯ ಬೆಳಕು ಇಳಿಯುವ ಹೊತ್ತಿಗೆ, ಬಸ್ಸಿನ ವೇಳೆ ಸಮೀಪಿಸಿರುವಾಗ. ಬಯಲುಸೀಮೆಯ ಮಕ್ಕಳಿಗೆ ಬಹುಶಃ ಅದು ಜೀವನದ ಮೊದಲ ಸಮುದ್ರ. ಬಾವಿ, ಕೆರೆ, ಕಾಗಿಣಾ ನದಿಯ ಮಡುವುಗಳಲ್ಲಿ ಈಜು ಕಲಿತ ಹುಡುಗರಿಗೆ ತಮ್ಮ ಶಕ್ತಿಯ ಬಗ್ಗೆ ಭರವಸೆ ಇರುತ್ತದೆ. ಆದರೆ ಕೆರೆಯ ನೀರು ನಿಂತದ್ದು, ಕಡಲಿನ ನೀರು ಹಿಂದಕ್ಕೆ ಸೆಳೆಯುವಂಥದು. ಅಲೆ ಸರಿದಾಗ ಕಾಲಡಿಯ ಮರಳೂ ಜಾರುತ್ತದೆ. ಅಲೆಗಳು ಕಡಿಮೆಯಾಗಿ ಶಾಂತವಾಗಿ ಕಾಣುವ ಪಟ್ಟಿಯಲ್ಲೇ ಕೆಲವೊಮ್ಮೆ ಸೆಳೆತ ಅತಿ ಪ್ರಬಲವಾಗಿರುತ್ತದೆ ಎಂಬುದು ಕರಾವಳಿಯ ಮಕ್ಕಳಿಗೆ ಗೊತ್ತು, ನಮ್ಮವರಿಗೆ ಗೊತ್ತಿಲ್ಲ.

2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಒಳನಾಡಿನಿಂದ ಬಂದವರು ಕರಾವಳಿಯಲ್ಲಿ ನೀರುಪಾಲಾದ ಸುದ್ದಿ ವರ್ಷ ವರ್ಷವೂ ಮರುಕಳಿಸುತ್ತಿದೆ. ಪ್ರತಿ ಸಲವೂ ಎಚ್ಚರಿಕೆ ಫಲಕ, ಜೀವರಕ್ಷಕರ ಸಂಖ್ಯೆ, ಶಿಕ್ಷಕರ ಹೊಣೆ ಇವುಗಳ ಚರ್ಚೆ ನಡೆಯುತ್ತದೆ. ಆ ಚರ್ಚೆ ಅಗತ್ಯವೇ. ಅದರೊಂದಿಗೆ ಇನ್ನೊಂದನ್ನೂ ಸೇರಿಸಬೇಕು. ಸಮುದ್ರಕ್ಕೆ ಕರೆತರುವವರೇ, ಅಂದರೆ ಚಾಲಕರು ಅಥವಾ ಮಾರ್ಗದರ್ಶಿಗಳು, ಕಾರಿನಿಂದ ಇಳಿಯುವ ಮೊದಲು ಎರಡು ಮಾತು ಹೇಳುವ ಪದ್ಧತಿ ಬರಬೇಕು. ಎಲ್ಲಿಯವರೆಗೆ ಹೋಗಬಹುದು, ಯಾವ ಕಡೆ ಹೋಗಬಾರದು, ಜೀವರಕ್ಷಕರು ಎಲ್ಲಿದ್ದಾರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗೆ ಇಳಿಯುವುದೇ ಬೇಡವೇಕೆ, ಇಷ್ಟನ್ನು ಹೇಳಲು ಪದವಿ ಬೇಕಿಲ್ಲ. ಆದರೆ ಹೇಳುವುದು ತನ್ನ ಕೆಲಸದ ಭಾಗವೆಂದು ಅವರಿಗೆ ಯಾರಾದರೂ ಕಲಿಸಿರಬೇಕು.

ತೋರಿಸುವವರಾರು?

ಇಲ್ಲಿಗೆ ಚರ್ಚೆ ಅದರ ತಿರುಳನ್ನು ತಲುಪುತ್ತದೆ. ಖಾಸಗಿ ಅರ್ಧ ದಿನದ ದರ್ಶನದಲ್ಲಿ ಮಾರ್ಗದರ್ಶಿ ಎಂಬ ಪ್ರತ್ಯೇಕ ವ್ಯಕ್ತಿ ಇರುವುದು ವಿರಳ. ಕಾರಿನ ಚಾಲಕರೇ ಮಾರ್ಗದರ್ಶಿ, ಸಲಹೆಗಾರ, ಫೋಟೊಗ್ರಾಫರ್, ಹೋಟೆಲು ಸೂಚಿಸುವವರು ಎಲ್ಲವೂ ಆಗಿರುತ್ತಾರೆ. ಇಂಥ ಚಾಲಕರಲ್ಲಿ ಅನೇಕರು ಸಜ್ಜನರು, ಊರನ್ನು ಅಂಗೈಯಂತೆ ಬಲ್ಲವರು. ಆದರೆ ಅವರ ಆದಾಯ ನಿಂತಿರುವುದು ಸುತ್ತುಗಳ ಸಂಖ್ಯೆಯ ಮೇಲೆ. ಪ್ರವಾಸಿಗರನ್ನು ನಿರ್ದಿಷ್ಟ ಅಂಗಡಿಗೆ ಕರೆದೊಯ್ದರೆ ದೊರೆಯುವ ಕಮಿಷನ್ ನಮ್ಮ ಪ್ರವಾಸಿ ಕೇಂದ್ರಗಳಲ್ಲೆಲ್ಲ ಗುಟ್ಟಾಗಿ ಉಳಿದಿಲ್ಲ. ಗೋಡಂಬಿ, ಹಲ್ವ, ಬಟ್ಟೆ ಅಂಗಡಿಯಲ್ಲಿ ಅರ್ಧ ಗಂಟೆ ಕಳೆದು ಬಂದರಿಗೆ ಹತ್ತು ನಿಮಿಷವೂ ಇಲ್ಲವೆನ್ನುವ ಸ್ಥಿತಿಗೆ ಅವರೊಬ್ಬರನ್ನೇ ದೂಷಿಸುವುದು ನ್ಯಾಯವಲ್ಲ. ತಿಳಿವಳಿಕೆಯಿಂದ ತೋರಿಸಿದವರಿಗೆ ನಾವು ಹೆಚ್ಚು ಕೊಡುವ ಪದ್ಧತಿಯೇ ಇಲ್ಲ.

ಇದನ್ನು ಮಾರುಕಟ್ಟೆಗೆ ಬಿಟ್ಟು ಕುಳಿತರೆ ಸರಿಹೋಗದು. ಬೆಂಗಳೂರಿನಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ನಗರ ದರ್ಶನದ ಬಸ್ಸುಗಳು ದಶಕಗಳಿಂದ ಪರಿಚಿತ. ಮಂಗಳೂರಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ದಸರೆಯ ಸಮಯದಲ್ಲಿ ಕೆಎಸ್ಆರ್‌ಟಿಸಿ ದೇವಾಲಯ ದರ್ಶನದ ವಿಶೇಷ ಬಸ್ಸುಗಳನ್ನು ಓಡಿಸಿ ಜನರ ಮೆಚ್ಚುಗೆ ಪಡೆದಿದೆ. ಆದರೆ ಹಿರಿಯರು, ಮಕ್ಕಳು, ಲಗೇಜು ಇರುವ ಕುಟುಂಬಗಳು ಖಾಸಗಿ ಕಾರನ್ನೇ ಆಶ್ರಯಿಸುತ್ತವೆ, ಮುಂದೆಯೂ ಆಶ್ರಯಿಸಲಿವೆ. ಆದ್ದರಿಂದ ಸರ್ಕಾರ ಕಾರು ಓಡಿಸಬೇಕಾದ ಅಗತ್ಯವಿಲ್ಲ. ಕಾರು ಓಡಿಸುವವರನ್ನು ಸಜ್ಜುಗೊಳಿಸಿದರೆ ಸಾಕು.

ಪ್ರವಾಸೋದ್ಯಮ ಇಲಾಖೆ ಮತ್ತು ಜಿಲ್ಲಾಡಳಿತ ಸೇರಿ ಮಾಡಬಹುದಾದ ಕೆಲಸಗಳು ಕೆಲವಿವೆ. ಬಸ್ ನಿಲ್ದಾಣ ಮತ್ತು ರೈಲು ನಿಲ್ದಾಣಗಳಲ್ಲಿ ಅರ್ಧ ದಿನದ ದರ್ಶನದ ದರ, ಅದರಲ್ಲಿ ಸೇರಿರುವುದು ಮತ್ತು ಸೇರದಿರುವುದನ್ನು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದ ಫಲಕ ಹಾಕಬಹುದು. ಟ್ಯಾಕ್ಸಿ ಚಾಲಕರ ಸಂಘಗಳ ಸಹಕಾರದಿಂದ ಒಂದು ವಾರದ ತರಬೇತಿ ನೀಡಿ ಗುರುತಿನ ಬಿಲ್ಲೆ ಕೊಡಬಹುದು. ಪಾಠ ಹೇಳಲು ಹೊರಗಿನಿಂದ ಯಾರನ್ನೂ ಕರೆಸಬೇಕಾಗಿಲ್ಲ. ಕೊಣಾಜೆಯಲ್ಲಿ ವಿಶ್ವವಿದ್ಯಾನಿಲಯವಿದೆ, ನಗರದ ಕಾಲೇಜುಗಳಲ್ಲಿ ಇತಿಹಾಸ ವಿಭಾಗಗಳಿವೆ. ಸ್ಥಳಗಳ ತೆರೆಯುವ ವೇಳೆ, ವಾರದ ರಜೆ, ಕಡಲಿನ ಎಚ್ಚರಿಕೆ ಮತ್ತು ಸ್ಥಳಕ್ಕೆ ಐದು ಸಾಲಿನ ವಿವರಣೆ ಇರುವ ಒಂದು ಹಾಳೆಯ ಕರಪತ್ರವನ್ನು ಪ್ರತಿ ಪ್ರವಾಸಿ ವಾಹನದಲ್ಲೂ ಇರಿಸಬಹುದು. ಹಡಗಿನ ಪ್ರಯಾಣಿಕರಿಗಾಗಿ ಇಂಗ್ಲಿಷಿನಲ್ಲಿ ಸಾಧ್ಯವಾದದ್ದು ಕನ್ನಡದವರಿಗಾಗಿ ಕನ್ನಡದಲ್ಲಿ ಅಸಾಧ್ಯವಾಗಲು ಕಾರಣವಿಲ್ಲ.

ಪ್ರವಾಸ ಹೊರಡುವವರ ಹೊಣೆಯೂ ಇದೆ. ಬಾಡಿಗೆಗೆ ತೆಗೆದುಕೊಳ್ಳುವ ವಾಹನಕ್ಕೆ ಹಳದಿ ಫಲಕ ಇದೆಯೇ ಎಂದು ನೋಡುವುದು ಮೊದಲನೆಯದು. ನೂರಿನ್ನೂರು ರೂಪಾಯಿ ಉಳಿತಾಯಕ್ಕೆ ಬಿಳಿ ಫಲಕದ ಕಾರು ಹತ್ತಿದವರಿಗೆ ಅಪಘಾತವಾದರೆ ವಿಮಾ ಪರಿಹಾರ ಪಡೆಯುವುದು ಕಷ್ಟ. ಗಂಟೆಯ ಲೆಕ್ಕ ಎಲ್ಲಿಂದ ಆರಂಭ ಎಂದು ಕೇಳಿಕೊಳ್ಳಬೇಕು. ಎಂಟು ಸ್ಥಳಗಳ ಆಸೆ ಬಿಟ್ಟು ಮೂರನ್ನು ಆರಿಸಿ ಒಂದೊಂದಕ್ಕೂ 40 ನಿಮಿಷ ಕೊಡಬೇಕು. ಬೆಳಿಗ್ಗೆ ಸಮಯವಿದ್ದರೆ ಧಕ್ಕೆ, ಕದ್ರಿ, ಚಾಪೆಲ್. ಮಧ್ಯಾಹ್ನದ ನಂತರವಾದರೆ ಬಂದರಿನ ಓಣಿಗಳು, ಕುದ್ರೋಳಿ, ಬೋಳೂರಿನ ಸುಲ್ತಾನ್ ಬತ್ತೇರಿ ಮತ್ತು ಬೆಳಕಿರುವಾಗಲೇ ಕಡಲು. ಚಾಲಕರು ಚೆನ್ನಾಗಿ ವಿವರಿಸಿದರೆ ಬಾಡಿಗೆಯ ಮೇಲೆ ಒಂದಿಷ್ಟು ಹೆಚ್ಚು ಕೊಡುವುದರಲ್ಲಿ ಜಿಪುಣತನ ಸಲ್ಲದು. ಕಮಿಷನ್‌ನ ಆಕರ್ಷಣೆಯನ್ನು ತಗ್ಗಿಸುವ ಸರಳ ಉಪಾಯ ಅದೇ.

ಕೊನೆಯದಾಗಿ ಒಂದು ಮಾತು. ಮಳಖೇಡದ ಕೋಟೆ, ಅಲ್ಲಿನ ನೇಮಿನಾಥ ಬಸದಿ, ಟೀಕಾಚಾರ್ಯ ಜಯತೀರ್ಥರ ಹೆಸರಿನೊಂದಿಗೆ ಬೆಸೆದುಕೊಂಡ ಮಠ, ಚಿತ್ತಾಪುರದ ಬಳಿ ಹನ್ನೊಂದನೆಯ ಶತಮಾನದ ಘಟಿಕಾಸ್ಥಾನವಿದ್ದ ನಾಗಾವಿ, ಭೀಮಾ ತೀರದ ಸನ್ನತಿ ಮತ್ತು 'ರಾಯ ಅಸೋಕೋ' ಎಂಬ ಬರಹದೊಡನೆ ಅಶೋಕನ ಶಿಲ್ಪ ದೊರೆತ ಕನಗನಹಳ್ಳಿಯ ಸ್ತೂಪ, ಇವೆಲ್ಲ ಗುಂಡಗುರ್ತಿಯ ಆಸುಪಾಸಿನಲ್ಲೇ ಇವೆ. ಇವುಗಳನ್ನು ಎರಡು ಅರ್ಧ ದಿನಗಳಲ್ಲಿ ನೆಮ್ಮದಿಯಿಂದ ನೋಡಬಹುದು. ಆದರೆ ಮಂಗಳೂರಿನ ಕುಟುಂಬವೊಂದು ವಾಡಿ ಜಂಕ್ಷನ್‌ನಲ್ಲಿ ಇಳಿದು ಮಳಖೇಡ ನೋಡಬೇಕೆಂದರೆ ಕಾರು ಸಿಕ್ಕೀತು, ಹೇಳುವವರು ಸಿಗುವುದು ಕಷ್ಟ. ಕರಾವಳಿಗೆ ಕೇಳುತ್ತಿರುವ ಸೌಲಭ್ಯವನ್ನು ಕಲ್ಯಾಣ ಕರ್ನಾಟಕಕ್ಕೂ ಕೇಳುವುದು ನ್ಯಾಯ. ಸೇಡಂ, ಚಿತ್ತಾಪುರಗಳ ಪದವಿ ಕಾಲೇಜುಗಳಲ್ಲಿ ಇತಿಹಾಸ ಓದಿದ ಯುವಕ ಯುವತಿಯರು ಈ ಕೆಲಸಕ್ಕೆ ಬೇಕಾದಷ್ಟಿದ್ದಾರೆ. ತಮ್ಮ ಊರನ್ನು ಬೇರೆಯವರಿಗೆ ತೋರಿಸಿ ಗೌರವದಿಂದ ಸಂಪಾದಿಸುವ ದಾರಿ ಅವರ ಮುಂದೆ ತೆರೆಯಬೇಕು.

ಒಂದೇ ರಾಜ್ಯವಾಗಿ 1956ರಲ್ಲಿ ಕೂಡಿದ ಈ ಎರಡು ಸೀಮೆಗಳ ಜನ ಪರಸ್ಪರರನ್ನು ಕಾಣುವ ಸಂದರ್ಭಗಳು ಇಂದಿಗೂ ಕಡಿಮೆ. ಮಳೆಗಾಲ ಕಳೆದು ಪ್ರವಾಸದ ಹಂಗಾಮು ಪ್ರತಿ ವರ್ಷವೂ ಬರುತ್ತದೆ, ಶಾಲಾ ಮಕ್ಕಳ ಬಸ್ಸುಗಳೂ ಕುಟುಂಬಗಳೂ ಕರಾವಳಿಗೆ ಹೊರಡುತ್ತವೆ. ಮುಂದಿನ ಹಂಗಾಮಿಗೆ ಮುನ್ನ ಇಲಾಖೆ ಕನಿಷ್ಠ ಆ ದರಫಲಕ, ಆ ಒಂದು ಹಾಳೆಯ ಕರಪತ್ರ ಮತ್ತು ಚಾಲಕರ ಮೊದಲ ತಂಡದ ತರಬೇತಿಯನ್ನು ಕಾರ್ಯರೂಪಕ್ಕೆ ತರಲಿ. ವೆಚ್ಚ ಅಲ್ಪ, ಆದರೆ ಮೊದಲ ಸಲ ಕಡಲು ಕಾಣುವ ಮಕ್ಕಳ ಜೀವರಕ್ಷಣೆಯೂ ಅದರಲ್ಲಿ ಸೇರಿದೆ ಎಂಬುದನ್ನು ಅಧಿಕಾರಿಗಳು ಮರೆಯಬಾರದು.